ಐಸ್‌ಲೆಂಡ್: ನುಡಿಯನ್ನು ಕಾಯ್ದ ಜನ

ಐಸ್‌ಲೆಂಡಿಗೆ ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಜನ ಬಂದು ನೆಲೆಸಿದರು. ಮೂಲ ತಾಯಂದಿರಲ್ಲಿ ಬಹಳಷ್ಟು ಮಂದಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು. ಹಲವರು ದಾಸಿಯರಾಗಿ ಬಂದವರು. ಆದರೂ ಮನೆಮಾತಾಗಿ ನಿಂತದ್ದು ನಾರ್ವೆಯವರ ನುಡಿಯೇ. ಈಗ ಜನಸಂಖ್ಯೆ 4 ಲಕ್ಷದ ಆಸುಪಾಸು. ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂದು ಸೇರಿಸಿಕೊಳ್ಳುತ್ತಾರೆ. ಪ್ರಧಾನಿಯನ್ನೂ ಹೆಸರು ಹಿಡಿದೇ ಕರೆಯುವುದು ವಾಡಿಕೆ.

930ರಲ್ಲಿ ಥಿಂಗ್ವೆಟ್ಲಿರ್ ಬಯಲಿನಲ್ಲಿ ಅಲ್‌ಥಿಂಗ್ ಎಂಬ ಜನಸಭೆ ಆರಂಭವಾಯಿತು. ಸುಮಾರು 1000ದಲ್ಲಿ ಅದೇ ಬಯಲಿನಲ್ಲಿ ಥೋರ್, ಓದಿನ್ ದೇವರುಗಳ ಭಕ್ತರೂ ಕ್ರೈಸ್ತರೂ ಕಾದಾಡುವ ಹಂತಕ್ಕೆ ಬಂದರು. ತೀರ್ಮಾನವನ್ನು ಸಭೆಯ ಕಾನೂನುವಾಚಕ ಥೋರ್‌ಗೇರ್‌ಗೆ ಬಿಡಲಾಯಿತು. ಆತ ಸ್ವತಃ ಹಳೆಯ ಮತದವನು. ಒಂದು ಹಗಲು, ಒಂದು ರಾತ್ರಿ ಮುಸುಕು ಹೊದ್ದು ಮಾತಿಲ್ಲದೆ ಮಲಗಿದ್ದ ಎಂದು ಶತಮಾನದ ಬಳಿಕ ಇತಿಹಾಸಕಾರ ಆರಿ ಥೋರ್ಗಿಲ್ಸನ್ ಬರೆದಿದ್ದಾನೆ. ಎದ್ದು ಹೇಳಿದ್ದು: ನಾಡಿಗೆಲ್ಲ ಒಂದೇ ಕಾನೂನು, ಎಲ್ಲರೂ ಕ್ರೈಸ್ತರಾಗಬೇಕು. ಆದರೆ ಕುದುರೆಮಾಂಸ ತಿನ್ನಲು, ಹಳೆಯ ದೇವರಿಗೆ ಗುಟ್ಟಾಗಿ ಬಲಿ ಕೊಡಲು ಅಡ್ಡಿಯಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ವಿನಾಯಿತಿಗಳು ರದ್ದಾದವು. ಆದರೂ ರಕ್ತ ಹರಿಯದಂತೆ ತಡೆದ ಆ ತೀರ್ಪಿನ ವಿವೇಕ ಅಪರೂಪದ್ದು.

ಡೆನ್ಮಾರ್ಕಿನ ಆಳ್ವಿಕೆಯಲ್ಲಿ ಲೂಥರನ್ ಮತ ಬಂದದ್ದು ಅಷ್ಟು ಶಾಂತವಾಗಿ ಅಲ್ಲ. 1550ರಲ್ಲಿ ಆ ಕಾಲದ ಕೊನೆಯ ಕ್ಯಾಥೊಲಿಕ್ ಬಿಷಪ್ ಯೋನ್ ಆರಾಸನ್ ಮತ್ತು ಅವನ ಇಬ್ಬರು ಗಂಡುಮಕ್ಕಳ ಶಿರಚ್ಛೇದ ಮಾಡಲಾಯಿತು. ಆದರೆ ನುಡಿಗೆ ಇದೇ ಮತ ಆಸರೆಯಾಯಿತು. ಅದೇ ಡೆನ್ಮಾರ್ಕ್ ದೊರೆಯ ಕೈಕೆಳಗಿದ್ದ ನಾರ್ವೆಯ ಚರ್ಚುಗಳಲ್ಲಿ ಡೇನಿಷ್ ಬೈಬಲ್ ನೆಲೆಯೂರಿ, ಬರಹದ ಭಾಷೆಯೂ ಡೇನಿಷ್ ಆಯಿತು. ಐಸ್‌ಲೆಂಡಿಗರಿಗೋ 1540ರಲ್ಲಿ ಹೊಸ ಒಡಂಬಡಿಕೆ, 1584ರಲ್ಲಿ ನಾಡಿನೊಳಗಿನ ಹೋಲಾರ್‌ನಲ್ಲೇ ಅಚ್ಚಾದ ಇಡೀ ಬೈಬಲ್, ಎರಡೂ ಸ್ವಂತ ನುಡಿಯಲ್ಲಿ ದಕ್ಕಿದವು. ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಉಣ್ಣೆ ನೂಲುತ್ತ, ಹೆಣೆಯುತ್ತ ಇದ್ದರೆ, ಒಬ್ಬರು ಸಾಗಾ ಎಂಬ ಹಳೆಯ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕೊನೆಗೆ ಪ್ರಾರ್ಥನೆ, ಕೀರ್ತನೆ. ಹದಿಮೂರನೆಯ ಶತಮಾನದ ಆ ಕಥೆಗಳನ್ನು ಇಂದಿನ ಓದುಗರೂ ಹೆಚ್ಚು ಕಷ್ಟವಿಲ್ಲದೆ ಓದಬಲ್ಲರು. ಹಾಲ್‌ಗ್ರಿಮುರ್ ಪೀಟುರ್‌ಸನ್ ಹದಿನೇಳನೆಯ ಶತಮಾನದಲ್ಲಿ ರಚಿಸಿದ ಯೇಸುವಿನ ಯಾತನೆಯ ಕೀರ್ತನೆಗಳು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ರೇಡಿಯೊದಲ್ಲಿ ಬರುತ್ತವೆ.

ಲೂಥರನ್ ಚರ್ಚು ಸಂವಿಧಾನದ ಪ್ರಕಾರ ಈಗಲೂ ರಾಷ್ಟ್ರೀಯ ಚರ್ಚು. ಸದಸ್ಯತ್ವ ಮಾತ್ರ ಇಳಿಯುತ್ತಿದೆ. ಪೋಲೆಂಡಿನಿಂದ ಬಂದವರಿಂದ ಕ್ಯಾಥೊಲಿಕರು ಹೆಚ್ಚಿದ್ದಾರೆ. ಹಳೆಯ ದೇವರುಗಳನ್ನು ನಂಬುವವರು 1972ರಲ್ಲಿ ಕಟ್ಟಿದ ಸಂಘಕ್ಕೆ ಮರುವರ್ಷವೇ ಸರ್ಕಾರದ ಮನ್ನಣೆ ಸಿಕ್ಕಿತು. ನುಡಿಗೆ ಈಗಿನ ಆತಂಕ ಮಕ್ಕಳ ಕೈಯ ಪರದೆಗಳಲ್ಲಿ ತುಂಬಿರುವ ಇಂಗ್ಲಿಷ್. 2011ರ ಕಾಯಿದೆ ಐಸ್‌ಲೆಂಡಿಕ್ ಅನ್ನು ರಾಷ್ಟ್ರಭಾಷೆಯೆಂದೂ ಐಸ್‌ಲೆಂಡಿನ ಸಂಜ್ಞಾಭಾಷೆಯನ್ನು ಅದನ್ನು ಅವಲಂಬಿಸಿದವರ ಮೊದಲ ಭಾಷೆಯೆಂದೂ ಒಪ್ಪಿಕೊಂಡಿದೆ.