ಮನಿ ಮಂದಿಗೂ ಪಾಸ್‌ವರ್ಡ್ ಬೇಕಽ ಬೇಕು

ಸರ್ವರ್ ನಮ್ಮದು, ಮೇಲ್ ಕಳಸೋರೂ ನಮ್ಮ ಮಂದೀನಽ, ಮತ್ತ್ಯಾಕ ಪಾಸ್‌ವರ್ಡ್ ಅಂತ ವೈನಿ ಕೇಳತಾರ. ಬೇಕ್ರಿ ವೈನಿ. ಕೇಳದಽ ಬಿಟ್ರ, ಹಾದ್ಯಾಗ ಹೋಗೋರೆಲ್ಲಾ ನಮ್ಮ ಸರ್ವರಿನಿಂದ ಸಾವಿರಗಟ್ಟಲೆ ಸ್ಪ್ಯಾಮ್ ಕಳಸ್ತಾರ. ಹೆಸರು ಕೆಡೋದು ನಮ್ಮದು. ಸರ್ವರಿನ ಐಪಿ ನಂಬರು ಒಮ್ಮೆ ಕಪ್ಪು ಪಟ್ಟ್ಯಾಗ ಬಿತ್ತಂದ್ರ ಮುಂಜಿವಿ ಆಮಂತ್ರಣಾನೂ ಬೀಗರಿಗೆ ಮುಟ್ಟಂಗಿಲ್ಲ.

ಫೋನಿನ್ಯಾಗ, ಹೊರಗ ಹೋಗೋ ಮೇಲಿನ ಸೆಟ್ಟಿಂಗಿನಾಗ 587 ಪೋರ್ಟ್ ಹಾಕಿ ಹೆಸರು, ಪಾಸ್‌ವರ್ಡ್ ತುಂಬ್ರಿ. ಟಿಎಲ್‌ಎಸ್ ಆನ್ ಇರ್ಲಿ, ಇಲ್ಲಾಂದ್ರ ನಡುವ ಯಾರರೆ ಪಾಸ್‌ವರ್ಡ್ ಓದ್ಯಾರು. 25 ಪೋರ್ಟು ಸರ್ವರ್ ಸರ್ವರ್ ಮಾತಾಡ್ಲಿಕ್ಕೆ, ನಮಗಲ್ಲ.

ಆದ್ರ ಈ ಪಾಸ್‌ವರ್ಡ್ ನಮ್ಮ ಸರ್ವರಿಗಷ್ಟಽ ಗುರ್ತು. ಪತ್ರ ತಗೊಳ್ಳೋರು ನಂಬಬೇಕಂದ್ರ ಡೊಮೇನಿನ ಡಿಎನ್‌ಎಸ್‌ನಾಗ ಎಸ್‌ಪಿಎಫ್, ಡಿಕಿಮ್ ಎರಡೂ ಹಾಕಸ್ರಿ. ಯಾವ ಸರ್ವರ್ ನಮ್ಮ ಹೆಸರಿಲೆ ಕಳಸಬಹುದು ಅಂತ ಎಸ್‌ಪಿಎಫ್ ಹೇಳತದ. ಡಿಕಿಮ್ ಅಂದ್ರ ಪತ್ರದ ಮ್ಯಾಲಿನ ಸಹಿ ಇದ್ದಂಗ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಯಾರಽ ಕಳಸ್ಲಿ, ಎರಡರಾಗ ಒಂದರೆ ಇರಬೇಕಂತ ನಿಯಮ ಅದ. ದೊಡ್ಡ ಕಂಪನಿ ದರ್ಬಾರು ಅಂತ ಹುಡುಗರು ಸಿಟ್ಟಾಗ್ತಾರ. ನನಗ ಸರಿ ಅನಸ್ತದ. ಸಹಿ ಇಲ್ಲದ ಪತ್ರ ನಾವರೆ ನಂಬತೇವೇನು?

ಎಲ್ಲಾರಿಗೂ ಕೂಡಿ ಒಂದಽ ಪಾಸ್‌ವರ್ಡ್ ಮಾತ್ರ ಬ್ಯಾಡ್ರಿ. ಒಬ್ಬರ ಫೋನ್ ಕಳೀತಂದ್ರ ಅವರದೊಂದು ಬದಲಿ ಮಾಡಿದ್ರ ಸಾಕು, ಉಳಿದವ್ರ ಮೇಲ್ ನಿಲ್ಲಂಗಿಲ್ಲ.