ವಿಮೆಯ ಕಾರ್ಡು ಮತ್ತು ಆಸ್ಪತ್ರೆಯ ಬಾಗಿಲು

ಬಡವನ ಮನೆಗೆ ಬರುವ ಕಾಯಿಲೆ ಮೊದಲು ಶರೀರವನ್ನು ಹಿಡಿಯುತ್ತದೆ, ಬಳಿಕ ಮನೆಯನ್ನೇ ಹಿಡಿಯುತ್ತದೆ. ಮಗಳ ಮದುವೆಗೆಂದು ಇಟ್ಟ ಒಡವೆ, ಗ್ಯಾರೇಜಿನ ಮುಂಗಡ, ಆಟೋರಿಕ್ಷಾದ ಕಾಗದಪತ್ರ ಒಂದೊಂದಾಗಿ ಅಡವಿಗೆ ಹೋಗುತ್ತವೆ. ಕೇಂದ್ರ ಸರಕಾರದ 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರು ತಮ್ಮ ಜೇಬಿನಿಂದಲೇ ತೆತ್ತಿದ್ದಾರೆ. 2013-14ರಲ್ಲಿ ಈ ಪಾಲು ಶೇ. 64.2 ಇತ್ತು. ಇಳಿಕೆ ಸಮಾಧಾನಕರವೇ. ಆದರೆ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ನಲವತ್ತನ್ನು ರೋಗಿಯೇ ಹೊಂದಿಸಬೇಕಾದ ನಾಡಿನಲ್ಲಿ ಆರೋಗ್ಯವು ಹಕ್ಕಾಗಿದೆಯೆಂದು ಹೇಳಲಾದೀತೇ?

ಈ ಪ್ರಶ್ನೆಗೆ ಎರಡು ಉತ್ತರಗಳು ಚರ್ಚೆಯಲ್ಲಿವೆ. ಸರಕಾರವೇ ಆಸ್ಪತ್ರೆಗಳನ್ನು ನಡೆಸಿ, ತೆರಿಗೆಯ ಹಣದಿಂದ ಎಲ್ಲರಿಗೂ ಚಿಕಿತ್ಸೆ ಕೊಡಬೇಕು ಎಂಬುದು ಒಂದು. ಪ್ರತಿ ಕುಟುಂಬವೂ ವಿಮೆ ಪಡೆಯಲಿ, ರೋಗ ಬಂದಾಗ ಕಂಪೆನಿ ಹಣ ಕಟ್ಟಲಿ ಎಂಬುದು ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿಯನ್ನು ರದ್ದುಪಡಿಸಲಾಗಿದೆ. ಇದರಿಂದ ಎರಡನೆಯ ಉತ್ತರಕ್ಕೆ ಮತ್ತಷ್ಟು ಬಲ ಬಂದಂತಾಗಿದೆ. ನಮ್ಮ ಪಟ್ಟಣಗಳ ಕುಟುಂಬಗಳು ಈ ಎರಡೂ ಉತ್ತರಗಳನ್ನು ತಮ್ಮ ಬದುಕಿನ ತಕ್ಕಡಿಯಲ್ಲಿ ತೂಗಿ ನೋಡುವುದು ಅಗತ್ಯ.

ಮೊದಲು ವಿಮೆಯನ್ನೇ ನೋಡೋಣ. ವಿಮೆ ಎಂದರೆ ಒಂದು ಕರಾರು. ಕಂತು ಕಟ್ಟಿದವನಿಗೆ ಮಾತ್ರ ಅದರಲ್ಲಿ ಸ್ಥಾನ. ವಯಸ್ಸು ಏರಿದಂತೆ ಕಂತೂ ಏರುತ್ತದೆ. ಅಂದರೆ ದುಡಿಮೆ ಕುಗ್ಗಿ ಚಿಕಿತ್ಸೆ ಹೆಚ್ಚು ಬೇಕಾದ ಕಾಲದಲ್ಲೇ ಅದು ದುಬಾರಿಯಾಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿದೆ. ಇದು ಸುಧಾರಣೆ, ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುತ್ತಿರುವ ಮುಳಬಾಗಿಲಿನ ಮೆಕ್ಯಾನಿಕ್ ಮೂರು ವರ್ಷ ಕಾಯಬಲ್ಲನೇ? ಅಲ್ಲದೆ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ನೋಡುತ್ತವೆಯೇ ಹೊರತು ತಿಂಗಳು ತಿಂಗಳು ಕೊಳ್ಳುವ ಬಿಪಿ ಮಾತ್ರೆಯನ್ನಲ್ಲ, ಹೊರರೋಗಿಯಾಗಿ ಮಾಡಿಸಿದ ರಕ್ತಪರೀಕ್ಷೆಯನ್ನಲ್ಲ. ಬಡ ಕುಟುಂಬವನ್ನು ಸದ್ದಿಲ್ಲದೆ ಸವೆಸುವುದು ಈ ಸಣ್ಣ ಖರ್ಚುಗಳೇ.

ಇನ್ನು ನೌಕರಿಯ ಜೊತೆಗೆ ಬರುವ ರಕ್ಷಣೆ. ಮಾಲೂರು, ನರಸಾಪುರದ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ಕಾರ್ಮಿಕನು ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಆತ ತನ್ನ ವೇತನದ ಶೇ. 0.75ರಷ್ಟನ್ನೂ ಮಾಲಕನು ಶೇ. 3.25ರಷ್ಟನ್ನೂ ಕಟ್ಟುತ್ತಾರೆ, ಕುಟುಂಬಕ್ಕೆಲ್ಲ ಚಿಕಿತ್ಸೆ ದೊರೆಯುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹೊರೆ ಹೊರುವವನು, ಕೋಲಾರದ ಟೊಮೆಟೊ ಮಾರುಕಟ್ಟೆಯ ಹಮಾಲಿ, ರೇಷ್ಮೆ ನೂಲು ಬಿಚ್ಚುವ ಮಹಿಳೆ, ತಳ್ಳುಗಾಡಿಯವನು ಇವರಿಗೆಲ್ಲ ಮಾಲಕನೆಂದು ತೋರಿಸಲು ಯಾರಿದ್ದಾರೆ? ನಮ್ಮ ಸಮುದಾಯದ ಬಹುಪಾಲು ದುಡಿಮೆ ಇಂಥದ್ದೇ. ನೌಕರಿಗೆ ಕಟ್ಟಿದ ರಕ್ಷಣೆ ನೌಕರಿಯೊಂದಿಗೇ ಹೋಗುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯ ಕೆಜಿಎಫ್ ಸಾಕ್ಷಿ. ಗಣಿ ಕಂಪೆನಿಯ ಆಸ್ಪತ್ರೆಯು ತಲೆಮಾರುಗಳ ಕಾಲ ಕಾರ್ಮಿಕರನ್ನೂ ಅವರ ಕುಟುಂಬಗಳನ್ನೂ ನೋಡಿಕೊಂಡಿತ್ತು. 2001ರಲ್ಲಿ ಗಣಿ ಮುಚ್ಚಿತು. ಆಸ್ಪತ್ರೆಯ ಆಸರೆಯೂ ಹೋಯಿತು. ಉಳಿದದ್ದು ಧೂಳು ತುಂಬಿದ ಶ್ವಾಸಕೋಶಗಳು.

ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ನಮ್ಮ ಸರಕಾರಗಳು ಹಿಡಿದಿವೆ. ಹಣ ಸರಕಾರದ್ದು, ಚಿಕಿತ್ಸೆ ಸರಕಾರಿ ಅಥವಾ ಖಾಸಗಿ ಆಸ್ಪತ್ರೆಯದ್ದು. ಕರ್ನಾಟಕ ಈ ದಾರಿಯಲ್ಲಿ ಹಳಬ. ಸಹಕಾರಿ ರೈತರ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂತು. 2008ರಲ್ಲಿ ಕೇಂದ್ರವು 30,000 ರೂಪಾಯಿ ಮಿತಿಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ತಂದಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕವು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಬೆಸೆದುಕೊಂಡಿತು. ಇದರಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಇತರರಿಗೆ ನಿಗದಿತ ದರದ ಶೇ. 30ರಷ್ಟನ್ನು, ಒಂದೂವರೆ ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನು ನಡೆಸುವುದು ಲಾಭದ ಕಂಪೆನಿಯಲ್ಲ, ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟೋ ಹೃದಯಗಳು ಈ ಕಾರ್ಡಿನಿಂದ ಇಂದು ಮಿಡಿಯುತ್ತಿವೆ. ಇದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ ಕಾರ್ಡಿಗೂ ಮಿತಿಯಿದೆ. ತುರ್ತು ಸ್ಥಿತಿಯ ಹೊರತು ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಸರಕಾರಿ ಆಸ್ಪತ್ರೆಯಲ್ಲಿ ತಜ್ಞ ವೈದ್ಯರೇ ಇಲ್ಲದಿದ್ದರೆ? ಪಡಿತರ ಚೀಟಿಯ ಬಣ್ಣ ಬದಲಾದರೆ ಉಚಿತ ಚಿಕಿತ್ಸೆಯೂ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯಿಂದ ಉಂಟಾದ ಗದ್ದಲವನ್ನು ಓದುಗರು ಮರೆತಿರಲಾರರು. ಹಣ ಒಬ್ಬರದು, ಚಿಕಿತ್ಸೆ ಇನ್ನೊಬ್ಬರದು ಆದಾಗ ದುರುಪಯೋಗಕ್ಕೂ ದಾರಿ ತೆರೆಯುತ್ತದೆ. 2012ರಲ್ಲಿ ಬಿಹಾರದ ಸಮಷ್ಟಿಪುರದಲ್ಲಿ ವಿಮೆಯ ಹಣಕ್ಕಾಗಿ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪಗಳು ಕೇಳಿಬಂದವು. ಆಯುಷ್ಮಾನ್ ಯೋಜನೆಯ ಬಗೆಗಿನ 2023ರ ಮಹಾಲೇಖಪಾಲರ ವರದಿಯು, ಒಂದೇ ಮೊಬೈಲ್ ಸಂಖ್ಯೆಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದುದನ್ನು ಬಯಲಿಗೆಳೆಯಿತು.

ಸರಕಾರಿ ಆಸ್ಪತ್ರೆಯ ವಿರುದ್ಧ ಇರುವ ದೂರುಗಳನ್ನು ನಾವು ಮುಚ್ಚಿಡಬೇಕಾಗಿಲ್ಲ. ಸಾಲು ಉದ್ದ, ಮಾತು ಒರಟು, ಔಷಧಿ ಹೊರಗಿನಿಂದ ತರಬೇಕೆಂಬ ಚೀಟಿ. ಖಾಸಗಿಯ ಪರ ವಾದಿಸುವವರು ಎತ್ತಿ ತೋರಿಸುವುದು ಇದನ್ನೇ. ಅವರ ದೂರು ನಿಜ, ಅದರಿಂದ ಅವರು ಹೊರಡಿಸುವ ತೀರ್ಮಾನ ತಪ್ಪು. ವೈದ್ಯರಿಲ್ಲದ ಊರಿಗೆ ವಿಮೆಯ ಕಾರ್ಡು ವೈದ್ಯರನ್ನು ತರಲಾರದು. ಖಾಸಗಿ ಆಸ್ಪತ್ರೆ ಲಾಭವಿರುವಲ್ಲಿ ಏಳುತ್ತದೆ, ರೋಗವಿರುವಲ್ಲಿ ಅಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಶ್ರೀನಿವಾಸಪುರದ ಹಳ್ಳಿಯ ಹೆಣ್ಣುಮಗಳಿಗೆ ತೆರೆದಿರುವ ಬಾಗಿಲು ಇಂದಿಗೂ ತಾಲೂಕು ಆಸ್ಪತ್ರೆಯದ್ದೇ, ಅದರಾಚೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯದ್ದೇ.

ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ 1948ರಲ್ಲಿ, ಯುದ್ಧದಿಂದ ಬಸವಳಿದಿದ್ದಾಗಲೇ, ಎಲ್ಲರಿಗೂ ತೆರಿಗೆ ಹಣದ ಚಿಕಿತ್ಸೆಯನ್ನು ಆರಂಭಿಸಿತು. ಅಲ್ಲಿ ಇಂದು ಸರದಿ ಉದ್ದವಾಗಿದೆ ಎಂಬ ಟೀಕೆಯಿದೆ. ಆದರೆ ಬಿಲ್ಲಿಗೆ ಹೆದರಿ ಯಾರೂ ವೈದ್ಯರಿಂದ ದೂರ ಉಳಿಯುವುದಿಲ್ಲ. ಶ್ರೀಮಂತ ರಾಷ್ಟ್ರವಲ್ಲದ ಥಾಯ್ಲೆಂಡ್ ಮೊದಲು ಗ್ರಾಮೀಣ ಜಿಲ್ಲಾ ಆಸ್ಪತ್ರೆಗಳನ್ನು ಕಟ್ಟಿತು. ಬಳಿಕ 2002ರ ವೇಳೆಗೆ 30 ಬಾತ್ ಶುಲ್ಕದಲ್ಲಿ ದೇಶವ್ಯಾಪಿ ಚಿಕಿತ್ಸೆ ಒದಗಿಸಿತು. ಖಾಸಗಿ ವಿಮೆಯನ್ನು ನೆಚ್ಚಿದ ಅಮೆರಿಕವು ಆರೋಗ್ಯಕ್ಕೆ ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿಯೂ, 2010ರ ಸುಧಾರಣಾ ಕಾನೂನಿನ ಬಳಿಕವೂ, ಕೋಟ್ಯಂತರ ಜನರನ್ನು ವಿಮೆಯ ಹೊರಗೇ ಉಳಿಸಿದೆ. ನಮ್ಮಲ್ಲಿಯೂ ದಾರಿ ಗೊತ್ತಿಲ್ಲದೆ ಇರಲಿಲ್ಲ. ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ತುರ್ತು ಚಿಕಿತ್ಸೆಯ ನಿರಾಕರಣೆಯು ಬದುಕುವ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಮ್ ಕೋರ್ಟ್ 1996ರಲ್ಲಿ ತೀರ್ಪಿತ್ತಿದೆ.

ನಮ್ಮ ಸಮುದಾಯದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. ವಾಣಿಜ್ಯ ವಿಮೆಯಲ್ಲಿ ಬಡ್ಡಿ ಮತ್ತು ಅನಿಶ್ಚಿತತೆಯ ಅಂಶಗಳಿವೆಯೆಂದು ಅನೇಕ ಉಲಮಾಗಳು ಆಕ್ಷೇಪಿಸಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1985ರಲ್ಲಿ ಅದನ್ನು ಒಪ್ಪದೆ, ಪರಸ್ಪರ ಸಹಕಾರದ ತಕಾಫುಲನ್ನು ಬೆಂಬಲಿಸಿತು. ಈ ಕಾರಣದಿಂದ ಕೆಲವು ಕುಟುಂಬಗಳು ಸರಕಾರಿ ಆರೋಗ್ಯ ಕಾರ್ಡಿನಿಂದಲೂ ದೂರ ನಿಂತಿವೆ. ಆದರೆ ತೆರಿಗೆಯ ಹಣದಿಂದ ಟ್ರಸ್ಟ್ ನೀಡುವ ಚಿಕಿತ್ಸೆಗೆ ನೀವು ಕಂತು ಕಟ್ಟುವುದಿಲ್ಲ, ಯಾರೊಂದಿಗೂ ವ್ಯಾಪಾರ ಮಾಡುವುದಿಲ್ಲ. ಅದು ನಾಗರಿಕನ ಪಾಲು. ಸಂಶಯವಿರುವವರು ವಿದ್ವಾಂಸರನ್ನು ಕೇಳಲಿ, ಗಾಳಿಮಾತನ್ನು ನಂಬಿ ಹಕ್ಕನ್ನು ಬಿಟ್ಟುಕೊಡದಿರಲಿ. ಎಲ್ಲರಿಗೂ ಉಚಿತ ಚಿಕಿತ್ಸೆ ಎಂಬ ಕಲ್ಪನೆ ನಮಗೆ ಹೊರಗಿನದೂ ಅಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯು ವಕ್ಫ್ ಆದಾಯದಿಂದ ನಡೆಯುತ್ತ, ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಬಾಗಿಲು ತೆರೆದಿತ್ತು.

ಬಡ್ಡಿಯ ಬಗ್ಗೆ ನಮಗಿರುವ ಎಚ್ಚರ ಇನ್ನೊಂದೆಡೆಗೂ ಹರಿಯಬೇಕು. 2009ರಲ್ಲಿ ಕೋಲಾರದ ಅಂಜುಮನ್ ಮೈಕ್ರೋಫೈನಾನ್ಸ್ ಸಾಲದ ವಿರುದ್ಧ ನಿಂತಾಗ ದೇಶವೇ ಇತ್ತ ತಿರುಗಿ ನೋಡಿತು. ಆದರೆ ಆ ಸಾಲವನ್ನು ಮಹಿಳೆಯರು ಏಕೆ ತೆಗೆದರು ಎಂಬ ಪ್ರಶ್ನೆಗೆ ನಾವು ಇನ್ನೂ ಪೂರ್ಣ ಉತ್ತರ ಕೊಟ್ಟಿಲ್ಲ. ಬಡವರನ್ನು ಸಾಲಕ್ಕೆ ತಳ್ಳುವ ಕಾರಣಗಳಲ್ಲಿ ಕಾಯಿಲೆ ಯಾವಾಗಲೂ ಮುಂದಿನ ಸಾಲಿನಲ್ಲಿದೆ. ಆಸ್ಪತ್ರೆ ಸರಿಯಾಗದೆ ಬಡ್ಡಿಯ ಬಾಗಿಲು ಮುಚ್ಚದು.

ಹಾಗಾದರೆ ಆಗಬೇಕಾದುದೇನು? 2025ರೊಳಗೆ ಸರಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. 2021-22ರಲ್ಲಿ ಅದು ಶೇ. 1.84 ಮಾತ್ರ ಇತ್ತು. ಈ ಕೊರತೆಯ ಲೆಕ್ಕವನ್ನು ಮತ ಕೇಳಲು ಬರುವ ಪ್ರತಿಯೊಬ್ಬರಿಂದಲೂ ಕೇಳಬೇಕು. ಔಷಧಿ ಖರೀದಿಗೆ 1994ರಲ್ಲಿ ನಿಗಮ ಸ್ಥಾಪಿಸಿ ಹೆಸರಾದ ತಮಿಳುನಾಡು ನಮ್ಮ ಗಡಿಯಾಚೆಗೇ ಇದೆ. ಅದರಿಂದ ಕಲಿಯಲು ದೂರ ಹೋಗಬೇಕಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದಲೇ ಆರಂಭವಾದ ಗೃಹ ಆರೋಗ್ಯ ಯೋಜನೆ ಸರಿಯಾದ ದಿಕ್ಕಿನ ಹೆಜ್ಜೆ. ಬಿಪಿ, ಸಕ್ಕರೆಯನ್ನು ಮನೆ ಬಾಗಿಲಲ್ಲೇ ಪತ್ತೆಹಚ್ಚುವ ಈ ಕೆಲಸವನ್ನು ಯಾವ ವಿಮಾ ಕಂಪೆನಿಯೂ ನಮ್ಮ ಗಲ್ಲಿಗಳಿಗೆ ಬಂದು ಮಾಡದು. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಾಗ ನಮ್ಮ ಮನೆಯ ಮಹಿಳೆಯರು ಬಾಗಿಲು ತೆರೆಯಲಿ, ಪರೀಕ್ಷೆ ಮಾಡಿಸಿಕೊಳ್ಳಲಿ.

ಜಮಾಅತ್‌ಗಳಿಗೂ ಕೆಲಸವಿದೆ. ಜುಮಾದ ದಿನ ಮಸೀದಿಯ ಅಂಗಳದಲ್ಲಿ ಮೇಜೊಂದನ್ನು ಹಾಕಿ ಆರೋಗ್ಯ ಕಾರ್ಡು ಮಾಡಿಸಿಕೊಡುವುದಕ್ಕೆ ನಾಲ್ವರು ಯುವಕರು ಸಾಕು. ನೆರೆಯ ಹಿಂದೂ, ಕ್ರೈಸ್ತ ಬಡವರಿಗೂ ಆ ಮೇಜು ತೆರೆದಿರಲಿ. ಸರಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸುವ ನಾಗರಿಕರು ನಮ್ಮಲ್ಲಿ ಬೇಕು. ಬೈತುಲ್ ಮಾಲ್ ಮತ್ತು ಝಕಾತ್‌ನ ಹಣ ಆಸ್ಪತ್ರೆಯ ಬಿಲ್ಲುಗಳಿಗೆ ಸುರಿಯುವುದು ಇಂದಿನ ಅನಿವಾರ್ಯತೆ ಇರಬಹುದು. ಆದರೆ ಸರಕಾರ ಹೊರಬೇಕಾದ ಹೊರೆಯನ್ನು ದಾನವು ಎಷ್ಟು ಕಾಲ ಹೊರಬಲ್ಲದು?

ಸ್ಥಿತಿವಂತರು ವಿಮೆ ಹಿಡಿದು ಖಾಸಗಿಗೆ ಹೋದಷ್ಟೂ ಸರಕಾರಿ ಆಸ್ಪತ್ರೆಯ ಪರ ಮಾತನಾಡುವ ದನಿಗಳು ಕಡಿಮೆಯಾಗುತ್ತವೆ. ಬಡವರಿಗೆ ಮಾತ್ರ ಮೀಸಲಾದ ಆಸ್ಪತ್ರೆಗೆ ಯಾರ ಒತ್ತಾಯವೂ ಇರುವುದಿಲ್ಲ. ಆದ್ದರಿಂದ ಕಾರ್ಡು ಪಡೆಯೋಣ, ಬಳಸೋಣ. ಆದರೆ ಕಾರ್ಡಿಗೆ ತೃಪ್ತರಾಗದೆ, ನಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ವೈದ್ಯರು, ಔಷಧಿ ಮತ್ತು ಗೌರವ ಮೂರೂ ಸಿಗುವವರೆಗೆ ಕೇಳುತ್ತಲೇ ಇರೋಣ.