ಕಟ್ಟಿನ ಸಾರಿನ್ಯಾಗ ಕೆನಿ ಸುರುವಬ್ಯಾಡ್ರಿ

ಸೂಟಿ ಬಿಟ್ಟಾವ. ಯಾರ ಮನಿಗೆ ಹೋದ್ರೂ ಹುಡುಗರ ಮೊಬೈಲಿನ್ಯಾಗ ಒಂದೇ ನಮೂನಿ ಗದ್ದಲ ಕೇಳತದ. ಸಿನಿಮಾ ಹಾಡಲ್ಲ, ಭಜನಿ ಅಲ್ಲ, ವಿಡಿಯೋ ಗೇಮಿನ ಹಾಡು. ಅದೂ ಗೇಮಿನೊಳಗಿನ ಮೂಲ ಹಾಡಲ್ಲ. ಆ ಗೇಮಿನ ಅಭಿಮಾನಿಗಳು ತಮ್ಮ ತಮ್ಮ ಮನ್ಯಾಗ ಕಂಪ್ಯೂಟರ್ ಮುಂದ ಕೂತು ಅದನ್ನ ಹೊಸದಾಗಿ ಮಾಡಿರತಾರ. ಇದಕ್ಕ ರಿಮಿಕ್ಸ್ ಅಂತಾರ. ದುಡ್ಡಿಗಲ್ಲ, ಪ್ರೀತಿಗೆ ಮಾಡತಾರಂತ. ಇರ್ಲಿ, ಪ್ರೀತಿ ಒಳ್ಳೇದೇ. ಆದ್ರ ಪ್ರೀತಿಯಿಂದ ಮಾಡಿದ ಅಡಗಿ ಎಲ್ಲಾ ರುಚಿ ಇರತದ ಅಂತ ನಾವು ಯಾರೂ ನಂಬಂಗಿಲ್ಲ, ಹೌದಿಲ್ಲೋ?

"ಇಂಥಾದ್ರ ಉಸಾಬರಿ ನಿನಗ್ಯಾಕ ಬೇಕು" ಅಂತ ವೈನಿ ಕೇಳೇ ಕೇಳತಾರ. ಉಸಾಬರಿ ಅದ ವೈನಿ. ಈ ಹಾಡುಗಳನ್ನ ಮೊದಲಿಗೆ ಕಟ್ಟಿದವರೊಳಗ ಹೆಣ್ಣಮಕ್ಕಳು ಭಾಳ ಮಂದಿ ಇದ್ರು. ಅವರ ಹೆಸರು ಆವಾಗ ಕಂಪನಿಯವರು ಮುಚ್ಚಿಟ್ಟರು, ಈಗ ಪ್ರೀತಿ ಮಾಡೋವರು ಮುಚ್ಚಲಿಕ್ಕೆ ಹತ್ಯಾರ. ಅದಕ್ಕ ಬರೀಲಿಕ್ಕೆ ಕೂತೀನಿ.

ಮೊದಲ ಆ ಮೂಲ ಹಾಡು ಹೆಂಗ ಆಗಿದ್ವು ಅಂತ ತಿಳಕೋಬೇಕು. ಜಪಾನಿನ ನಿಂಟೆಂಡೋ ಕಂಪನಿ 1983ರಾಗ ಫ್ಯಾಮಿಕಾಮ್ ಅಂತ ಒಂದು ಡಬ್ಬಿ ಮಾರಲಿಕ್ಕೆ ಸುರು ಮಾಡಿತು. ಅದರೊಳಗ ಸಪ್ಪಳ ಮಾಡೋ ಚಿಪ್ಪಿಗೆ ಇದ್ದದ್ದು ಐದೇ ದನಿ. ಎರಡು ಪೀಪಿ ಊದಿದಂಗ ಚೂಪು ದನಿ, ಒಂದು ಗುಂಯ್ ಅನ್ನೋ ಕೆಳಗಿನ ದನಿ, ಒಂದು ಬರೇ ಸರ್‌ಬರ್ ಸಪ್ಪಳ (ಅದನ್ನೇ ತಬಲಾದಂಗ ಬಳಸಬೇಕು), ಇನ್ನೊಂದು ಮೊದಲೇ ತುಂಬಿಸಿಟ್ಟ ಸಣ್ಣ ಸಪ್ಪಳದ ತುಣುಕು ಬಾರಿಸಲಿಕ್ಕೆ. ಆ ಕೆಳಗಿನ ದನಿಗಂತೂ ಏರಿಳಿತಾನೇ ಇಲ್ಲ, ಬಾರಿಸು ಇಲ್ಲಾ ನಿಲ್ಲಿಸು, ಅಷ್ಟೇ. ಜಾಗಾ ಎಷ್ಟು? 1985ರ ಸೂಪರ್ ಮಾರಿಯೋ ಬ್ರದರ್ಸ್ ಗೇಮು, ಚಿತ್ರ, ಆಟ, ಹಾಡು ಎಲ್ಲಾ ಸೇರಿ 40 ಕೆಬಿ. ಮುಂಜಾನೆದ್ದು ಕಾಕು ಕಳಸೋ ಒಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದಿರತದ.

ಇಷ್ಟರೊಳಗ ಕೋಜಿ ಕೊಂಡೋ ಅನ್ನೋ ಪುಣ್ಯಾತ್ಮ ಮಾರಿಯೋ ಓಡೋ ಲಯಕ್ಕ, ಜಿಗಿಯೋ ಲಯಕ್ಕ ಹೊಂದೋ ಹಂಗ ಹಾಡು ಕಟ್ಟಿದ. ಆಟ ಮುಗೀಲಿಕ್ಕೆ ವ್ಯಾಳ್ಯಾ ಕಡಿಮಿ ಉಳಿದಾಗ ಅದೇ ಹಾಡು ಲಗೂ ಲಗೂ ಓಡತದ, ಆಡೋರ ಎದಿ ಧಸಕ್ ಅಂತದ. ಜಿಗಿದ ಸಪ್ಪಳ, ನಾಣ್ಯದ ಸಪ್ಪಳ ಬಂದಾಗ ಹಾಡಿನ ಒಂದು ದನಿ ಅಷ್ಟೊತ್ತು ಸುಮ್ಮನಾಗಿ ಜಾಗಾ ಬಿಟ್ಟುಕೊಡತದ, ಮತ್ತ ಬಂದು ಕೂಡತದ. ಆಡೋ ಹುಡುಗ ಎರಡು ನಿಮಿಷಕ್ಕ ಮುಗಿಸ್ತಾನೋ ಎರಡು ತಾಸು ಕೂಡ್ತಾನೋ ಯಾರಿಗೆ ಗೊತ್ತು? ಅದಕ್ಕ ಹಾಡು ಸುತ್ತಿ ಸುತ್ತಿ ಬಂದ್ರೂ ಬ್ಯಾಸರ ಆಗಬಾರದು. ಮೂರು ಸ್ವರ ಕೂಡಿ ನುಡಿಸಲಿಕ್ಕೆ ದನಿ ಸಾಲದಿದ್ರ, ಅವನ್ನ ಭರ್ರಂತ ಒಂದರ ಹಿಂದ ಒಂದು ನುಡಿಸಿ ಕಿವಿಗೆ ಕೂಡೇ ಬಂದಂಗ ಮಾಡತಿದ್ರು.

ಇದು ನನಗ ಕಸೂತಿ ಇದ್ದಂಗ ಕಾಣತದ. ಗವಂತಿ ಹಾಕಬೇಕಂದ್ರ ಅರಿವಿಯ ಎಳಿ ಎಣಿಸೇ ಹಾಕಬೇಕು, ಗಂಟು ಕಾಣಬಾರದು, ಎರಡೂ ಮಗ್ಗಲಿಂದ ಒಂದೇ ನಮೂನಿ ಕಾಣಬೇಕು. ಎಳಿ ಬಿಟ್ಟು ಸೊಟ್ಟ ಹೋಗಂಗಿಲ್ಲ. ಆ ಕಟ್ಟಳಿಯಿಂದನೇ ಗೋಪುರಕ್ಕ ಆ ಚೂಪು, ತುಳಸಿಕಟ್ಟಿಗೆ ಆ ಮೆಟ್ಟಿಲು ಬಂದದ. ಎಳಿ ಎಣಿಸೋದು ತಾಪತ್ರಯ ಅಂತ ಅದೇ ಗೋಪುರವನ್ನ ಬಣ್ಣದಾಗ ಅಚ್ಚು ಹೊಡದ್ರ ಸೀರಿ ಉದ್ದಕ್ಕೂ ಗೋಪುರಾನೇ ಆಗತದ ಖರೆ, ಆದ್ರ ಕಸೂತಿ ಆಗಂಗಿಲ್ಲ.

ಈಗ ರಿಮಿಕ್ಸಿನವರು ಏನು ಮಾಡತಾರ ನೋಡ್ರಿ. ನಾ ಕೇಳಿದ್ರೊಳಗ ಮೂರು ಜಾತಿ ಅವ.

ಒಂದನೇ ಜಾತಿ, ಭಾರೀ ಜಾತಿ. ಮೂರು ದನಿ ಹಾಡಿಗೆ ನೂರು ಪಿಟೀಲು, ಡೋಲು, ಮ್ಯಾಲೆ ಒಂದು ಚರ್ಚಿನ ಮೇಳದಂಗ "ಆ… ಆ…" ಅಂತ ಮಂದಿ. ಎಲ್ಲಾ ಹಾಡೂ ಯುದ್ಧಕ್ಕ ಹೊಂಟಂಗ. ಪಾಪ, ಮಾರಿಯೋ ಅಣಬಿ ತಿಂದು ದೊಡ್ಡಾವ ಆಗೋ ಪ್ಲಂಬರ್, ಅವಗ್ಯಾಕ ಕುರುಕ್ಷೇತ್ರ? ಕಟ್ಟಿನ ಸಾರು ತಿಳಿ ಇರಬೇಕು. ಅದರ ರುಚಿ ಇರೋದೇ ಆ ತಿಳಿಯೊಳಗ. ಅದಕ್ಕ ಕೆನಿ ಸುರಿವಿ, ಗೋಡಂಬಿ ರುಬ್ಬಿ ಹಾಕಿ, ಪನೀರ್ ತೇಲಿ ಬಿಟ್ಟು "ನಿಮ್ಮ ಸಾರು ಸುಧಾರಿಸೀನ್ರಿ" ಅಂದ್ರ ಹೆಂಗಾಗತದ? ಮೂಲದಾಗ ಕೆಳಗಿನ ದನಿ ಒಂದು ಹೆಜ್ಜಿ, ಮ್ಯಾಲಿನ ದನಿ ಒಂದು ಹೆಜ್ಜಿ, ಇಬ್ಬರು ವಾರಗಿತ್ತೇರು ಮಾತಾಡಿದಂಗ ಸ್ವಚ್ಛ ಕೇಳತಿತ್ತು. ನೂರು ಮಂದಿ ಕೂಡಿ ಒದರಿದ ಮ್ಯಾಲೆ ಆ ಮಾತು ಎಲ್ಲೆ ಉಳೀತದ?

ಎರಡನೇ ಜಾತಿ, ಮಲಗೋ ಜಾತಿ. ಹಾಡನ್ನ ನಿಧಾನ ಮಾಡೋದು, ಬಾವಿಯೊಳಗ ನುಡಿಸಿದಂಗ ಪ್ರತಿಧ್ವನಿ ಹಾಕೋದು, ಹಿಂದ ಮಳಿ ಸಪ್ಪಳ, ಒಂದು ತೂಕಡಿಕಿ ತಾಳ. ಓದಲಿಕ್ಕೆ, ನಿದ್ದಿಗೆ ಛಲೋ ಅಂತಾರ. ನಿದ್ದಿ ಬರತದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದಕ್ಕ ಯಾವ ಹಾಡಾದ್ರೇನು? ಯಾವ ಗೇಮಿಂದು ಅಂತ ಹೆಸರು ಓದದಿದ್ರ ಒಂದಕ್ಕೂ ಇನ್ನೊಂದಕ್ಕೂ ಫರಕ್ ಗೊತ್ತಾಗಂಗಿಲ್ಲ. ಎಲ್ಲಾ ಪಲ್ಯಾಕೂ ಒಂದೇ ಮಸಾಲಿ ಖಾರ ಹಾಕಿದ್ರ ಬದನಿಕಾಯಿಗೂ ಹೀರಿಕಾಯಿಗೂ ಒಂದೇ ರುಚಿ ಬರೂದಿಲ್ಲೇನು, ಹಂಗ.

ಮೂರನೇ ಜಾತಿಗೆ ನನ್ನ ತಕರಾರಿಲ್ಲ. ಅವರು ಕಡಿಮಿ ಮಂದಿ. ಹಾಡನ್ನ ತಗೊಂಡು ಖರೇನ ಏನರೆ ವಿಚಾರ ಮಾಡಿರತಾರ. ಓಡೋ ಹಾಡನ್ನ ಒಂದೇ ಪಿಯಾನೋದಾಗ ಮೆಲ್ಲಗ ನುಡಿಸಿ "ಇದರೊಳಗ ಇಷ್ಟು ದುಃಖ ಇತ್ತೇನು" ಅಂತ ನಾವು ಕೇಳೋ ಹಂಗ ಮಾಡತಾರ. ಅದು ಖರೆ ಕೆಲಸ. ಉಳಿದ ಮಂದಿ ಇವರ ಹೆಸರು ಹೇಳಿಕೊಂಡು ಉಣ್ಣತಾರ.

ಈಗ ನನ್ನ ದೊಡ್ಡ ತಕರಾರಿಗೆ ಬರತೇನಿ.

1986ರಾಗ ಕೊನಾಮಿ ಅನ್ನೋ ಕಂಪನಿ ಕ್ಯಾಸಲ್‌ವೇನಿಯಾ ಅಂತ ಒಂದು ದೆವ್ವದ ಗೇಮು ತಂತು. ಅದರ ಹಾಡಿಗೆ ಇವತ್ತಿಗೂ ಗಿಟಾರಿನವರು, ಪಿಟೀಲಿನವರು ಮುಗಿಬಿದ್ದು ರಿಮಿಕ್ಸ್ ಮಾಡತಾರ. ಆ ಸಂಗೀತ ಮಾಡಿದವರು ಕಿನುಯೋ ಯಮಾಶಿತಾ ಮತ್ತು ಸತೊಯೆ ತೆರಾಶಿಮಾ, ಇಬ್ಬರೂ ಹೆಣ್ಣಮಕ್ಕಳು. ಆದ್ರ ಗೇಮಿನ ಕಡೀಕ ಸಂಗೀತ ಅಂತ ಬರೋ ಹೆಸರು ಯಾವುದು ಗೊತ್ತದೇನು? ಜೇಮ್ಸ್ ಬನಾನಾ! ಹಳೇ ಡ್ರಾಕುಲಾ ಸಿನಿಮಾದ ಸಂಗೀತಗಾರ ಜೇಮ್ಸ್ ಬರ್ನಾರ್ಡ್ ಅನ್ನೋನ ಹೆಸರಿನ ಮ್ಯಾಲೆ ಮಾಡಿದ ಚ್ಯಾಷ್ಟಿ ಅದು. ಬಾಳಿಹಣ್ಣಿನ ಹೆಸರು ಬಂತು, ಬಾಯೇರ ಹೆಸರು ಬರಲಿಲ್ಲ. 1987ರ ಮೆಗಾ ಮ್ಯಾನ್ ಗೇಮಿನ ಹಾಡು ಮಾಡಿದಾಕಿ ಮನಾಮಿ ಮತ್ಸುಮಾಯೆ, ಆಕಿದೂ ಅಡ್ಡಹೆಸರೇ ಬಂತು. ಆಗಿನ ಜಪಾನಿ ಕಂಪನಿಗಳೊಳಗ ಇದು ರೂಢಿನೇ ಇತ್ತು, ಗಂಡಸರಿಗೂ ಅಡ್ಡಹೆಸರು ಇಡತಿದ್ರು. ಛಲೋ ಕೆಲಸಗಾರರನ್ನ ಬ್ಯಾರೆ ಕಂಪನಿಯವರು ಎಳಕೊಂಡು ಹೋದಾರು ಅನ್ನೋ ಅಂಜಿಕಿ.

ಇನ್ನೊಬ್ಬಾಕಿ ಯೋಕೋ ಶಿಮೊಮುರಾ. ಓಸಾಕಾದ ಸಂಗೀತ ಕಾಲೇಜಿನ್ಯಾಗ ಪಿಯಾನೋ ಕಲತಾಕಿ. ಪಿಯಾನೋ ಟೀಚರ್ ಕೆಲಸ ಸಿಕ್ಕಿತ್ತು. ಅದನ್ನ ಬಿಟ್ಟು 1988ರಾಗ ಕ್ಯಾಪ್‌ಕಾಮ್ ಅನ್ನೋ ಗೇಮ್ ಕಂಪನಿಗೆ ಹೋದ್ಲು. ಮನಿ ಮಂದಿ, ಕಲಿಸಿದವರು ಎಲ್ಲಾರೂ ಬ್ಯಾಸರ ಮಾಡಿಕೊಂಡ್ರು. ಅಷ್ಟು ತುಟ್ಟಿ ಫೀ ಕಟ್ಟಿ ಓದಿಸಿದ್ದು ಇದಕ್ಕೇನು ಅಂತ. ಈ ಮಾತು ನಮ್ಮ ಮನಿಗಳೊಳಗ ಕೇಳದಾಕಿ ಯಾರರೆ ಇದ್ದೀರೇನು? 1991ರಾಗ ಆಕಿ ಸ್ಟ್ರೀಟ್ ಫೈಟರ್ 2 ಗೇಮಿನ ಹಾಡು, ಬಹುತೇಕ ಎಲ್ಲಾ, ಮಾಡಿದ್ಲು. ಅದರೊಳಗ ಗೈಲ್ ಅನ್ನೋ ಪೈಲವಾನನ ಹಾಡು ಅದ. ಅದನ್ನ ಹುಡುಗರು ಬೆಕ್ಕು ಜಿಗಿಯೋ ವಿಡಿಯೋಕ್ಕೂ ಹಚ್ಚತಾರ, ಬಸ್ಸು ತಿರುಗೋ ವಿಡಿಯೋಕ್ಕೂ ಹಚ್ಚತಾರ, "ಇದು ಎಲ್ಲಾದಕ್ಕೂ ಹೊಂದತದ" ಅಂತ ನಗತಾರ. ನಗ್ಲಿ. ಆದ್ರ ಹಾಡು ಯಾರದು ಅಂತ ಕೇಳ್ರಿ, "ಗೈಲ್‌ನದು" ಅಂತಾರ. ಗೈಲ್ ಗೊಂಬಿ ಮಾರಾಯಾ! ಗೊಂಬಿ ಹಾಡು ಕಟ್ಟತದೇನು?

ಹುಡುಗರು ತೋರಿಸಿದ ರಿಮಿಕ್ಸುಗಳ ಕೆಳಗ ಬರದದ್ದನ್ನ ನಾ ಓದೀನಿ. ರಿಮಿಕ್ಸ್ ಮಾಡಿದವನ ಹೆಸರು ದಪ್ಪ ಅಕ್ಷರದಾಗ. ಯಾವ ಮೈಕು, ಯಾವ ಗಿಟಾರು, ಚಿತ್ರ ಬರದವನ್ಯಾರು, ಎಲ್ಲಾ ಅದ. ಗೇಮಿನ ಹೆಸರೂ ಅದ. ಹಾಡು ಕಟ್ಟಿದಾಕಿ ಹೆಸರು ಮಾತ್ರ ಎಷ್ಟೋ ಕಡೆ ಇಲ್ಲ. ಕಂಪನಿಯವರಿಗೆ ರೊಕ್ಕದ ಅಂಜಿಕಿ ಇತ್ತು, ಅದಕ್ಕ ಮುಚ್ಚಿದ್ರು. ಅಭಿಮಾನಿಗಳಿಗೆ ಏನು ಅಂಜಿಕಿ? ಒಂದು ಸಾಲು ಬರೀಲಿಕ್ಕೆ ಬಟ್ಟು ನೋಯತಾವೇನು?

1902ರಾಗ ಕಲಕತ್ತಾದ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಮೂರು ನಿಮಿಷದ ತಟ್ಟಿಯೊಳಗ ಹಾಡು ಮುಗಿಸಿ ಕಡೀಕ ತನ್ನ ಹೆಸರು ತಾನೇ ಒದರಿ ಹೇಳತಿದ್ಲು. ಇರೋ ಜಾಗಾನೇ ಅಷ್ಟು, ಅದರೊಳಗೂ ಹೆಸರಿಗೆ ಜಾಗಾ ಇಟ್ಟುಕೊಂಡ್ಲು. ಶ್ಯಾಣ್ಯಾಕಿ. ಈ ಜಪಾನಿನ ಹೆಣ್ಣಮಕ್ಕಳಿಗೆ ಆ ಅವಕಾಶನೂ ಇರಲಿಲ್ಲ. ನಮ್ಮ ಶೋಭಾನ ಪದ, ಜೋಗುಳ, ಬೀಸೋ ಕಲ್ಲಿನ ಪದ ಕಟ್ಟಿದವರ ಹೆಸರಂತೂ ನಮಗ್ಯಾರಿಗೂ ಗೊತ್ತಿಲ್ಲ. ಅವು ಹೋಗಿಬಿಟ್ಟವು, ಇನ್ನ ಹುಡುಕಿದ್ರೂ ಸಿಗಂಗಿಲ್ಲ. ಆದ್ರ ಇವರ ಹೆಸರು ಸಿಗತಾವ. ಗೊತ್ತಿದ್ದೂ ಬರೀಲಿಲ್ಲ ಅಂದ್ರ ಅದು ಮರವಲ್ಲ, ಉಡಾಫಿ.

ನಮ್ಮ ಹುಡುಗರು ಇದಕ್ಕ ಉತ್ತರ ಕೊಡತಾರ, ಅದನ್ನೂ ಬರೀತೇನಿ. "ಗೇಮಿನ ಹಾಡೂ ರಿಮಿಕ್ಸೇ ಅಲ್ಲೇನು? ಟೆಟ್ರಿಸ್ ನೋಡು" ಅಂತಾರ. ಖರೆ ಅದ. ಟೆಟ್ರಿಸಿನ ಆ ಹಾಡು ರಷ್ಯಾದ ಜನಪದ ಹಾಡು, ಊರೂರು ತಿರುಗಿ ಅರಿವಿ ಮಾರೋ ವ್ಯಾಪಾರಿಯದು. ಮಾತು ನೆಕ್ರಾಸೊವ್ ಕವಿಯ 1861ರ ಪದ್ಯದಿಂದ ಬಂದದ್ದು. 1989ರಾಗ ಗೇಮ್ ಬಾಯ್ ಡಬ್ಬಿಗೆ ಹಿರೊಕಾಜು ತನಾಕಾ ಅದನ್ನ ಹೊಂದಿಸಿದ. ನಾ ಏನು ಬ್ಯಾಡ ಅಂದೇನೇನು? ಹಾಡು ಮನಿಯಿಂದ ಮನಿಗೆ ಹೋಗಲೇಬೇಕು, ಹೆಪ್ಪಿನ ಹಂಗ. ಆದ್ರ ಹೆಪ್ಪು ಯಾರ ಮನೀದು ಅಂತ ಕೇಳಿದ್ರ ಹೇಳಲಿಕ್ಕೆ ಬರಬೇಕು.

"ಮುಫತ್ತು ಮಾಡತಾರ, ಅವರಿಗ್ಯಾಕ ಬೈತಿ" ಅಂತ ಇನ್ನೊಂದು ಮಾತು. ಮುಫತ್ತು ಬಡಸಿದ್ರೂ ಉಪ್ಪು ಹೆಚ್ಚಾದ್ರ ಹೆಚ್ಚಾಗೇದ ಅನ್ನಬೇಕಾಗತದ. ಇಲ್ಲಂದ್ರ ಬಡಸಿದಾಕಿಗೆ ಗೊತ್ತಾಗೋದು ಹೆಂಗ? ಮತ್ತ ಇದು ಹುಡುಗರಿಗೆ ಸಾಲಿ ಇದ್ದಂಗ ಅಂತನೂ ಅಂತಾರ, ಅದನ್ನೂ ಒಪ್ಪತೇನಿ. ಟೋಬಿ ಫಾಕ್ಸ್ ಅನ್ನೋ ಹುಡುಗ ಮೊದಲ ಬ್ಯಾರೆಯವರ ಗೇಮನ್ನ ತಿದ್ದಿ, ಅದಕ್ಕ 2008ರಾಗ ಹಾಡು ಹಚ್ಚಿ ಕಲತ. 2015ರಾಗ ತಂದೇ ಅಂಡರ್‌ಟೇಲ್ ಅನ್ನೋ ಗೇಮು ಮಾಡಿ ಆ ಹಾಡನ್ನೂ ಅದರೊಳಗ ತಂದ. ಸಾಲಿ ಅಂದ ಮ್ಯಾಲೆ ತಪ್ಪಿಗೆ ಕೆಂಪು ಗೆರಿ ಎಳೀಬೇಕೋ ಬ್ಯಾಡೋ? "ಆಹಾ ಛಂದ" ಅಂತ ಎಲ್ಲಾದಕ್ಕೂ ಹತ್ತಕ್ಕ ಹತ್ತು ಕೊಟ್ಟ ಸಾಲಿಯೊಳಗ ಯಾರು ಕಲೀತಾರ?

ಹೆಂಗ ಮಾಡಬೇಕು ಅನ್ನೋದಕ್ಕ ನಮೂನಿನೂ ಅದ. 1999ರಿಂದ ಓವರ್‌ಕ್ಲಾಕ್ಡ್ ರಿಮಿಕ್ಸ್ ಅಂತ ಅಮೆರಿಕಾದ ಒಂದು ಬಳಗ ಅದ. ಅವರು ಬಂದದ್ದೆಲ್ಲಾ ಹಾಕಂಗಿಲ್ಲ. ಕೇಳಿ ನೋಡಲಿಕ್ಕೆ ಪಂಚರಿದ್ದಾರ. ಬರೇ ಮೂಲವನ್ನ ಭಾರೀ ವಾದ್ಯದಾಗ ನಕಲು ಹೊಡದಿದ್ರ ಹೊಳ್ಳಿ ಕಳಸತಾರ, ಸ್ವಂತದ್ದು ಏನರೆ ಇರಬೇಕು. ಮತ್ತ ಒಂದೊಂದು ಹಾಡಿನ ಜೋಡಿನೂ ಮೂಲ ಕಟ್ಟಿದವರ ಹೆಸರು ಹಾಕತಾರ. ಅವರಿಗೆ ಆಗೋದು ಉಳಿದವರಿಗೆ ಯಾಕ ಆಗಂಗಿಲ್ಲ?

2021ರ ಜುಲೈ ತಿಂಗಳಾಗ ಟೋಕಿಯೋ ಒಲಿಂಪಿಕ್ಸಿನ ಸುರುವಿಗೆ ದೇಶ ದೇಶದ ಆಟಗಾರರು ನಡಕೋತ ಬಂದಾಗ ಬಾರಿಸಿದ್ದು ಇಂಥಾ ಗೇಮಿನ ಹಾಡೇ, ಅದರೊಳಗ ಶಿಮೊಮುರಾನ ಹಾಡೂ ಇತ್ತು. 2023ರಾಗ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ ಕಾಯ್ದಿಡೋ ಧ್ವನಿಮುದ್ರಣಗಳ ಪಟ್ಟಿಯೊಳಗ ಮಾರಿಯೋ ಹಾಡು ಸೇರಿತು, ಗೇಮಿನ ಹಾಡಿಗೆ ಆ ಮಾನ ಸಿಕ್ಕಿದ್ದು ಅದೇ ಮೊದಲು. ಅಂದ್ರ ಇವು ಈಗ ಹುಡುಗಾಟಿಕಿ ಹಾಡಲ್ಲ. ಹಾಡಿಗೆ ಮಾನ ಬಂದ ಮ್ಯಾಲೆ ಕಟ್ಟಿದವರಿಗೂ ಬರಬೇಕು.

ಅಕ್ಕಾ, ವೈನಿ, ಮಾಂಶಿ, ನಿಮ್ಮ ಮನ್ಯಾಗಿನ ಹುಡುಗ ಇನ್ನ ಮ್ಯಾಲೆ ಇಂಥಾ ಹಾಡು ಹಚ್ಚಿದ್ರ "ಗದ್ದಲ ಬಂದ್ ಮಾಡು" ಅಂತ ಒದರಬ್ಯಾಡ್ರಿ. ಎರಡು ಕೆಲಸ ಹಚ್ಚರಿ. ಒಂದು, ಆ ಡೋಲು, ಮಳಿ ಎಲ್ಲಾ ಬಿಟ್ಟು ಹಾಡನ್ನ ಬರೇ ಬಾಯಿಲೆ ಗುನುಗು ಅನ್ನರಿ. ಗುನುಗಲಿಕ್ಕೆ ಬಂದಷ್ಟೂ ಮೂಲದಾಕಿದು, ಬಾರದೇ ಉಳಿದದ್ದರೊಳಗ ಬಹುಪಾಲು ರಿಮಿಕ್ಸಿನವಂದು ಅಂತ ತಿಳೀರಿ. ಇನ್ನೊಂದು, ಇದನ್ನ ಮೊದಲು ಕಟ್ಟಿದವರ ಹೆಸರು ಹುಡುಕಿ ಹೇಳು, ಆಮ್ಯಾಲೆ ಉಪ್ಪಿಟ್ಟು ಅನ್ನರಿ. ಹಸಿವಿಗೆ ಲಗೂನೇ ಹುಡುಕತಾವ.